ಬೆನ್ನಿಗೊಂದು ಬಣ್ಣ, ಹೊಟ್ಟೆಗೊಂದು ಬಣ್ಣ: ಎರಡು ಬಣ್ಣದ ಸಾಫ್ಟ್ ಪ್ಲಾಸ್ಟಿಕ್ ಲ್ಯೂರ್ ಮನೆಯಲ್ಲೇ ಮಾಡುವುದು ಹೇಗೆ

ನೀರಿನಲ್ಲಿ ಈಜುವ ಸಣ್ಣ ಮೀನನ್ನು ದಡದಿಂದ ಬಗ್ಗಿ ನೋಡಿದರೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಬೆನ್ನಿನ ಗಾಢ ಬಣ್ಣ ತಳದ ಕೆಸರು, ಪಾಚಿಯ ಬಣ್ಣಕ್ಕೆ ಸೇರಿಹೋಗಿರುತ್ತದೆ. ಅದೇ ಮೀನನ್ನು ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಕಾಣುವುದು ಬಿಳಿ ಹೊಟ್ಟೆ. ಅದು ಮೇಲಿನ ಬೆಳಕಿನಲ್ಲಿ ಕರಗಿರುತ್ತದೆ. ಎಷ್ಟೋ ಜಾತಿಯ ಮೀನುಗಳು ಹೀಗೇ ಇವೆ: ಮೇಲೆ ಕಪ್ಪು, ಕೆಳಗೆ ಬೆಳ್ಳಗೆ. ಒಂದೇ ಬಣ್ಣದ ಲ್ಯೂರ್‌ಗೂ (ಮೀನನ್ನು ಸೆಳೆಯಲು ಗಾಳಕ್ಕೆ ಚುಚ್ಚುವ ಕೃತಕ ಹುಳು ಅಥವಾ ಮೀನು) ಮೀನು ಬೀಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನೀರು ತಿಳಿಯಾಗಿದ್ದಾಗ, ಮೀನು ಹತ್ತಿರ ಬಂದು ನೋಡಿ ವಾಪಸ್ ಹೋಗುತ್ತಿರುವಾಗ, ಬೆನ್ನು ಹೊಟ್ಟೆ ಬೇರೆ ಬೇರೆ ಇರುವ ಲ್ಯೂರ್ ಮೇಲೆ ನನಗೆ ಜಾಸ್ತಿ ನಂಬಿಕೆ.

ಇಂಥ ಲ್ಯೂರ್ ಮಾಡುವುದಕ್ಕೆ ಕಾರ್ಖಾನೆ ಬೇಕಿಲ್ಲ. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ 1949ರಲ್ಲಿ ನಿಕ್ ಕ್ರೀಮ್ ಎಂಬವರು ತಮ್ಮ ಮನೆಯಲ್ಲೇ ಪ್ಲಾಸ್ಟಿಕ್ ಎರೆಹುಳು ಮಾಡಿದರು, ಆಮೇಲೆ ಮಾರಲು ಶುರು ಮಾಡಿದರು. ಇವತ್ತಿನ ಸಾಫ್ಟ್ ಪ್ಲಾಸ್ಟಿಕ್ ಲ್ಯೂರ್‌ಗಳ ದೊಡ್ಡ ಉದ್ಯಮ ಬೆಳೆದದ್ದು ಅಂಥ ಮನೆಗೆಲಸದಿಂದ. ಒಂದು ಬಣ್ಣದ್ದು ಮಾಡಲು ಬಂದರೆ ಎರಡು ಬಣ್ಣದ್ದಕ್ಕೆ ಹೊಸದಾಗಿ ಕಲಿಯಬೇಕಾದ್ದು ಒಂದೇ ವಿಷಯ: ಎರಡು ಬಣ್ಣ ಸೇರುವ ಜಾಗದ ಬೆಸುಗೆ. ಅಲ್ಲಿ ಅಂಟು ಇರುವುದಿಲ್ಲ. ಬಿಸಿಯೇ ಅಲ್ಲಿ ಅಂಟು. ಮುಂದೆ ಹೇಳುವ ಎಲ್ಲ ಹಂತಗಳೂ ಆ ಬಿಸಿಯನ್ನು ಕಾಪಾಡಿಕೊಳ್ಳುವುದಕ್ಕೇ ಇವೆ.

ಏನೇನು ಬೇಕು

ಮುಖ್ಯವಾದದ್ದು ಪ್ಲಾಸ್ಟಿಸಾಲ್. ಇದು ಪಿವಿಸಿಯ ಸಣ್ಣ ಪುಡಿಯನ್ನು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ದ್ರವದಲ್ಲಿ ಕದಡಿದ ಬಿಳಿ ದ್ರವ. ಡಬ್ಬಿ ಸುಮ್ನೆ ಇಟ್ಟರೆ ಪುಡಿ ತಳಕ್ಕೆ ಕೂರುತ್ತದೆ. ಹಾಗಾಗಿ ಪ್ರತಿ ಸಲ ತೆಗೆಯುವ ಮೊದಲು ಚೆನ್ನಾಗಿ ಅಲುಗಾಡಿಸಬೇಕು, ತಳ ಕೆರೆದು ಕಲಕಬೇಕು. ಇದನ್ನು ಬಿಟ್ಟರೆ ಮೇಲಿನ ಅರ್ಧ ಡಬ್ಬಿಯಿಂದ ಮಾಡಿದ ಲ್ಯೂರ್ ತೀರಾ ಮೆತ್ತಗಾಗಿ ಜಿಡ್ಡು ಬಿಡುತ್ತದೆ, ಕೆಳಗಿನ ಅರ್ಧದ್ದು ಗಟ್ಟಿಯಾಗುತ್ತದೆ. ಕೊಳ್ಳುವಾಗ ಥ್ಯಾಲೇಟ್ (ಆರೋಗ್ಯಕ್ಕೆ ಒಳ್ಳೆಯದಲ್ಲದ ಒಂದು ಬಗೆಯ ಪ್ಲಾಸ್ಟಿಸೈಜರ್) ಇಲ್ಲದ ಪ್ಲಾಸ್ಟಿಸಾಲ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಮೆತ್ತನೆ, ಮಧ್ಯಮ, ಗಟ್ಟಿ ಎಂಬ ಬಗೆಗಳಿವೆ. ಮೊದಲ ಸಲಕ್ಕೆ ಮಧ್ಯಮ ಸಾಕು. ಎರಡು ಬಣ್ಣಕ್ಕೂ ಒಂದೇ ಡಬ್ಬಿಯ ಪ್ಲಾಸ್ಟಿಸಾಲ್ ಬಳಸಿ. ಬೆನ್ನು ಗಟ್ಟಿ, ಹೊಟ್ಟೆ ಮೆತ್ತಗೆ ಆದರೆ ಎಳೆದಾಗ ಎರಡೂ ಬೇರೆ ಬೇರೆ ಅಳತೆಗೆ ಹಿಗ್ಗುತ್ತವೆ, ಬೆಸುಗೆ ಬೇಗ ಬಿಡುತ್ತದೆ.

ಇದರ ಜೊತೆ ಬೇಕಾದ್ದು: ಪ್ಲಾಸ್ಟಿಸಾಲ್‌ಗೆಂದೇ ಮಾಡಿದ ದ್ರವ ಬಣ್ಣ, ಬೇಕಿದ್ದರೆ ಬಿಸಿ ತಡೆಯುವ ಗ್ಲಿಟರ್, ಬಿಸಿ ತಡೆಯುವ ಗಾಜಿನ ಅಳತೆ ಕಪ್ ಎರಡು (ಬಣ್ಣಕ್ಕೊಂದು, ಹಿಡಿ ಮತ್ತು ಮೂತಿ ಇರಲೇಬೇಕು), ಕಲಕಲು ಲೋಹದ ಚಮಚ, 200 ಡಿಗ್ರಿ ಸೆಲ್ಸಿಯಸ್ ದಾಟಿ ತೋರಿಸುವ ಥರ್ಮಾಮೀಟರ್, ಅಚ್ಚು, ಅಚ್ಚಿಗೆ ತಕ್ಕಂತೆ ಇಂಜೆಕ್ಟರ್ (ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತುಂಬುವ ದೊಡ್ಡ ಸಿರಿಂಜಿನಂಥ ಸಾಧನ). ಕಾಯಿಸಲು ಒಂದು ಮೈಕ್ರೋವೇವ್. ಹಳೆಯದಾದರೂ ಸರಿ, ಆದರೆ ಅದು ಈ ಕೆಲಸಕ್ಕೆ ಮಾತ್ರ. ಒಮ್ಮೆ ಪ್ಲಾಸ್ಟಿಸಾಲ್ ಕಾಯಿಸಿದ ಮೈಕ್ರೋವೇವ್, ಕಪ್, ಚಮಚ ಯಾವುದನ್ನೂ ಮತ್ತೆ ಊಟ ತಿಂಡಿಗೆ ಬಳಸಬಾರದು. ಮೇಲೆ ದೊಡ್ಡದಾಗಿ ಬರೆದಿಡಿ, ಮನೆಯ ಬೇರೆಯವರಿಗೂ ಗೊತ್ತಾಗಲಿ.

ಗ್ಯಾಸ್ ಒಲೆಯ ಮೇಲೆ ಕಾಯಿಸಬಹುದಾ ಎಂದು ಕೇಳುವವರಿದ್ದಾರೆ. ಬೇಡ. ನೇರ ಉರಿಯಲ್ಲಿ ತಳ ಮೊದಲು ಸುಡುತ್ತದೆ, ಮೇಲೆ ಇನ್ನೂ ಹಸಿ ಇರುತ್ತದೆ. ಬಿಸಿ ಹೆಚ್ಚಾದಾಗ ಏಳುವ ಹೊಗೆಯ ಹತ್ತಿರ ಬೆಂಕಿ ಇರುವುದೂ ಒಳ್ಳೆಯದಲ್ಲ.

ಶುರು ಮಾಡುವ ಮೊದಲು ಸುರಕ್ಷತೆ

ಈ ಭಾಗವನ್ನು ದಾಟಿ ಹೋಗಬೇಡಿ. ಕರಗಿದ ಪ್ಲಾಸ್ಟಿಸಾಲ್ ಸುಮಾರು 170 ಡಿಗ್ರಿ ಇರುತ್ತದೆ. ಕುದಿಯುವ ನೀರು 100 ಡಿಗ್ರಿ, ಅದು ಚರ್ಮದ ಮೇಲೆ ಬಿದ್ದರೆ ಹರಿದು ಹೋಗುತ್ತದೆ. ಇದು ಹರಿಯುವುದಿಲ್ಲ, ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಉದ್ದ ತೋಳಿನ ಹತ್ತಿ ಅಂಗಿ, ಪ್ಯಾಂಟ್, ಬೆರಳು ಮುಚ್ಚುವ ಶೂ, ಬಿಸಿ ತಡೆಯುವ ಕೈಗವಸು, ಕಣ್ಣಿಗೆ ಕನ್ನಡಕ ಇಷ್ಟೂ ಬೇಕು. ನೈಲಾನ್ ಬಟ್ಟೆ ಬೇಡ, ಬಿಸಿಗೆ ಅದೂ ಕರಗಿ ಮೈಗೆ ಅಂಟುತ್ತದೆ.

ಅಕಸ್ಮಾತ್ ಮೈಮೇಲೆ ಬಿದ್ದರೆ ತಕ್ಷಣ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ, 20 ನಿಮಿಷ. ಅಂಟಿದ ಪ್ಲಾಸ್ಟಿಕ್ಕನ್ನು ಕಿತ್ತು ತೆಗೆಯಲು ಹೋಗಬೇಡಿ, ಚರ್ಮವೂ ಜೊತೆಗೆ ಬರುತ್ತದೆ. ಹಾಗೇ ವೈದ್ಯರ ಹತ್ತಿರ ಹೋಗಿ.

ಎರಡನೇ ಅಪಾಯ ಹೊಗೆ. ಪಿವಿಸಿ ಅತಿಯಾಗಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಬಿಡುತ್ತದೆ. ಮೂಗು, ಗಂಟಲು, ಕಣ್ಣು ಉರಿಯುತ್ತದೆ. ಶ್ವಾಸಕೋಶಕ್ಕೂ ಹಾನಿ. ಆದ್ದರಿಂದ ಹೊರಗಡೆ ಅಥವಾ ಎರಡು ಕಡೆ ಗಾಳಿ ಓಡಾಡುವ ಜಾಗದಲ್ಲಿ ಮಾತ್ರ ಈ ಕೆಲಸ. ಫ್ಯಾನ್ ನಿಮ್ಮ ಬೆನ್ನ ಹಿಂದಿನಿಂದ ಬೀಸಿ ಹೊಗೆಯನ್ನು ಆಚೆ ತಳ್ಳುವಂತೆ ಇರಲಿ. ಧೂಳಿಗೆ ಹಾಕುವ ಬಟ್ಟೆಯ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಸಾವಯವ ಆವಿ ಮತ್ತು ಆಮ್ಲ ಅನಿಲ ಎರಡಕ್ಕೂ ಆಗುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಕಪ್‌ನಲ್ಲಿರುವುದು ಕಂದು ಬಣ್ಣಕ್ಕೆ ತಿರುಗಿ ಗಾಟು ವಾಸನೆ ಬಂದರೆ ಉಳಿಸಿಕೊಳ್ಳುವ ಆಸೆ ಬಿಡಿ. ಮೈಕ್ರೋವೇವ್ ಆರಿಸಿ, ದೂರ ಹೋಗಿ, ತಣ್ಣಗಾದ ಮೇಲೆ ಎಸೆಯಿರಿ.

ಮೂರನೆಯದು ನೀರು. ಬಿಸಿ ಪ್ಲಾಸ್ಟಿಕ್‌ಗೆ ಒಂದು ಹನಿ ನೀರು ಬಿದ್ದರೂ ಅದು ಕ್ಷಣದಲ್ಲಿ ಆವಿಯಾಗಿ ಪ್ಲಾಸ್ಟಿಕ್ಕನ್ನು ಸಿಡಿಸುತ್ತದೆ. ಚಮಚ, ಕಪ್, ಅಚ್ಚು, ಇಂಜೆಕ್ಟರ್ ಎಲ್ಲವೂ ಪೂರ್ತಿ ಒಣಗಿರಬೇಕು. ಮಕ್ಕಳು, ನಾಯಿ ಬೆಕ್ಕು ಹತ್ತಿರ ಸುಳಿಯಬಾರದು.

ಯಾವ ಅಚ್ಚು

ಅಲ್ಯೂಮಿನಿಯಂ ಅಚ್ಚುಗಳು ದುಬಾರಿ, ಆದರೆ ಹೊಳಪು ಚೆನ್ನಾಗಿ ಬರುತ್ತದೆ, ಬೇಗ ತಣ್ಣಗಾಗುತ್ತವೆ, ವರ್ಷಗಟ್ಟಲೆ ಬಾಳುತ್ತವೆ. ಬೇಗ ತಣ್ಣಗಾಗುವುದು ಒಂದು ಬಣ್ಣಕ್ಕೆ ಅನುಕೂಲ, ಎರಡು ಬಣ್ಣಕ್ಕೆ ತೊಂದರೆ. ಬೆಸುಗೆಗೆ ಸಿಗುವ ಸಮಯ ಕಡಿಮೆ. ಸಿಲಿಕೋನ್ ಅಚ್ಚು ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಹಾಗಾಗಿ ಕಲಿಯುವವರಿಗೆ ಸುಲಭ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚನ್ನು ನೀವೇ ಮಾಡಿಕೊಳ್ಳಬಹುದು, ಖರ್ಚು ತೀರಾ ಕಡಿಮೆ. ಕೈ ಕುದುರುವ ತನಕ ನಾನು ಹೇಳುವುದು ಇದನ್ನೇ.

ಪ್ಲಾಸ್ಟರ್ ಅಚ್ಚು ಮಾಡುವ ರೀತಿ ಹೀಗೆ. ನಿಮಗೆ ಇಷ್ಟವಾದ ಲ್ಯೂರ್ ಒಂದನ್ನು ಮಾದರಿಯಾಗಿ ತೆಗೆದುಕೊಳ್ಳಿ. ಮೊದಲಿಗೆ ಎರೆಹುಳುವಿನಂಥ ಸರಳ ಆಕಾರ ಒಳ್ಳೆಯದು. ಒಂದು ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಅದರ ಬೆನ್ನನ್ನು ಒಂದೆರಡು ಹನಿ ಅಂಟಿನಿಂದ ಕೂರಿಸಿ, ಹೊಟ್ಟೆ ಮೇಲಕ್ಕೆ ಇರಲಿ. ಅಂಟಿಸದಿದ್ದರೆ ಪ್ಲಾಸ್ಟರ್ ಹೊಯ್ದಾಗ ಅದು ತೇಲಿ ಮೇಲೆ ಬರುತ್ತದೆ. ಮಾದರಿಯ ಮೇಲೆ ತೆಳ್ಳಗೆ ಎಣ್ಣೆ ಸವರಿ. ಅಳತೆಯಲ್ಲಿ ಎರಡು ಪಾಲು ಪ್ಲಾಸ್ಟರ್‌ಗೆ ಒಂದು ಪಾಲು ನೀರು. ಪ್ಲಾಸ್ಟರನ್ನು ನೀರಿಗೆ ಉದುರಿಸಿ, ನೀರನ್ನು ಪ್ಲಾಸ್ಟರ್‌ಗೆ ಸುರಿಯಬೇಡಿ. ನಿಧಾನಕ್ಕೆ ಕಲಕಿ, ಮೂಲೆಯಿಂದ ಹೊಯ್ಯಿರಿ, ಡಬ್ಬಿಯನ್ನು ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸಿ. ಗಟ್ಟಿಯಾದ ಮೇಲೆ ತೆಗೆದು ತಿರುಗಿಸಿದರೆ ಹೊಟ್ಟೆ ಕೆಳಗೆ, ತೆರೆದ ಬೆನ್ನು ಮೇಲೆ ಇರುವ ಗುಳಿ ಸಿಗುತ್ತದೆ. ಎರಡು ಬಣ್ಣಕ್ಕೆ ಈ ದಿಕ್ಕೇ ಬೇಕು.

ಮುಟ್ಟಲು ಒಣಗಿದಂತೆ ಕಂಡರೂ ಪ್ಲಾಸ್ಟರ್ ಒಳಗೆ ತುಂಬಾ ನೀರು ಇರುತ್ತದೆ. ಹಲವು ದಿನ ಬಿಸಿಲಿನಲ್ಲೋ ಗಾಳಿಯಲ್ಲೋ ಬಿಡಿ. ದಿನಾ ತೂಕ ನೋಡಿ, ತೂಕ ಇಳಿಯುವುದು ನಿಂತಾಗ ಒಣಗಿದೆ ಎಂದರ್ಥ. ಆಮೇಲೆ ಗುಳಿಗೆ ತೆಳುವಾದ ಎಪಾಕ್ಸಿ ಅಥವಾ ನೀರು ಬೆರೆಸಿದ ಬಿಳಿ ಫೆವಿಕಾಲನ್ನು ಎರಡು ಮೂರು ಪದರ ಹಚ್ಚಿ, ಪ್ರತಿ ಪದರವೂ ಒಣಗಲು ಬಿಡಿ. ಈ ಲೇಪ ಎಷ್ಟು ನುಣುಪೋ ಲ್ಯೂರ್ ಅಷ್ಟು ಹೊಳಪು. ಮಾರುಕಟ್ಟೆಯ ಲ್ಯೂರ್‌ನ ಅಚ್ಚು ತೆಗೆದರೆ ಅದು ನಿಮ್ಮ ಸ್ವಂತ ಬಳಕೆಗಷ್ಟೇ ಇರಲಿ, ಮಾರಲು ಬೇಡ. ಆ ಆಕಾರ ಇನ್ನೊಬ್ಬರ ದುಡಿಮೆ.

ಬಣ್ಣ ಆರಿಸುವುದು

ತಿಳಿ ನೀರಿಗೆ ಕಡುಹಸಿರು ಅಥವಾ ಕಂದು ಬೆನ್ನು, ಮುತ್ತಿನ ಬಿಳಿ ಹೊಟ್ಟೆ. ಕದಡಿದ ನೀರಿಗೆ ಕಪ್ಪು ಬೆನ್ನು, ಹೊಳೆಯುವ ಹಳದಿ-ಹಸಿರು ಹೊಟ್ಟೆ. ಈ ಎರಡು ಜೋಡಿಯಿಂದ ಶುರು ಮಾಡಿ, ಉಳಿದದ್ದು ನಿಮ್ಮ ನೀರು ಹೇಳಿದಂತೆ.

ಆದರೆ ಎರಡು ಬಣ್ಣದ ಕೆಲಸದಲ್ಲಿ ಒಂದು ಗುಟ್ಟು ಇದೆ: ಕೆಲವು ಬಣ್ಣ ಪಕ್ಕದ ಬಣ್ಣಕ್ಕೆ ಇಳಿಯುತ್ತವೆ. ಪಿಗ್ಮೆಂಟ್ ಎಂದರೆ ಕರಗದ ಕಣಗಳು, ಅವು ಇದ್ದಲ್ಲೇ ಇರುತ್ತವೆ. ಡೈ ಎಂದರೆ ಕರಗುವ ಬಣ್ಣ, ಅದು ಪ್ಲಾಸ್ಟಿಸೈಜರ್ ಜೊತೆ ಓಡಾಡುತ್ತದೆ. ಹೊಳೆಯುವ ಫ್ಲೋರೊಸೆಂಟ್ ಬಣ್ಣಗಳು ಮತ್ತು ಕೆಲವು ಕೆಂಪುಗಳು ಹೀಗೆ ಓಡಾಡುವುದು ಸಾಮಾನ್ಯ. ಮಾಡಿದ ದಿನ ಕೆಂಪು-ಬಿಳಿ ಗೆರೆ ಕತ್ತರಿಸಿದಷ್ಟು ನೇರ ಇರುತ್ತದೆ, ಕೆಲವು ವಾರದ ನಂತರ ನೋಡಿದರೆ ಹೊಟ್ಟೆಯೆಲ್ಲ ಗುಲಾಬಿ. ಇದನ್ನು ಮೊದಲೇ ಪರೀಕ್ಷಿಸಬಹುದು. ಎರಡು ಬಣ್ಣದ ಸಣ್ಣ ತುಂಡುಗಳನ್ನು ಒಂದಕ್ಕೊಂದು ಒತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬೆಚ್ಚಗಿನ ಜಾಗದಲ್ಲಿ ಒಂದು ವಾರ ಇಡಿ. ಗೆರೆ ಹಾಗೇ ಇದ್ದರೆ ಆ ಜೋಡಿ ಸರಿ. ಇಳಿಯುವ ಬಣ್ಣವನ್ನೇ ಬಳಸಬೇಕೆಂದಿದ್ದರೆ ಅದರ ಜೊತೆಗೆ ಕಪ್ಪಿನಂಥ ಗಾಢ ಬಣ್ಣ ಇಡಿ, ಇಳಿದರೂ ಕಾಣುವುದಿಲ್ಲ.

240 ಮಿಲಿ ಲೀಟರ್ ಪ್ಲಾಸ್ಟಿಸಾಲ್‌ಗೆ ಕೆಲವೇ ಹನಿ ಬಣ್ಣ ಸಾಕು. ಕಡಿಮೆ ಹಾಕಿ ನೋಡಿ, ಬೇಕಿದ್ದರೆ ಹೆಚ್ಚಿಸಿ. ಕಪ್‌ನಲ್ಲಿ ಗಾಢವಾಗಿ ಕಂಡದ್ದು ತೆಳ್ಳಗಿನ ಬಾಲದಲ್ಲಿ ತಿಳಿಯಾಗಿ ಕಾಣುತ್ತದೆ, ಹಾಗಾಗಿ ಒಂದು ಹನಿಯನ್ನು ಲೋಹದ ತಟ್ಟೆಯ ಮೇಲೆ ಬಿಟ್ಟು ತಣ್ಣಗಾದ ಮೇಲೆ ಎತ್ತಿ ಬೆಳಕಿಗೆ ಹಿಡಿದು ನೋಡಿ. ಫ್ಲೋರೊಸೆಂಟ್ ಬಣ್ಣಗಳು ಹೆಚ್ಚು ಬಿಸಿಗೆ ಮಂಕಾಗುತ್ತವೆ, ಅವನ್ನು ಪ್ಲಾಸ್ಟಿಸಾಲ್ ಪೂರ್ತಿ ಕಾದು ಮುಗಿದ ಮೇಲೆ ಹಾಕಿ.

ಉಪ್ಪಿನ ಬಗ್ಗೆ ಒಂದು ಮಾತು. ನುಣ್ಣಗೆ ಪುಡಿ ಮಾಡಿದ ಉಪ್ಪು ಬೆರೆಸಿದರೆ ಲ್ಯೂರ್ ತೂಕ ಹೆಚ್ಚುತ್ತದೆ, ಬೇಗ ಮುಳುಗುತ್ತದೆ, ಜೊತೆಗೆ ಬಲ ಕಡಿಮೆಯಾಗುತ್ತದೆ, ಬಣ್ಣ ಮಬ್ಬಾಗುತ್ತದೆ. ಒಂದು ಬಣ್ಣದಲ್ಲಿ ಇದು ಲಾಭ ನಷ್ಟದ ಲೆಕ್ಕ. ಎರಡು ಬಣ್ಣದಲ್ಲಿ ಮಾತ್ರ ಒಂದು ಒಳ್ಳೆಯ ದಾರಿ ತೆರೆಯುತ್ತದೆ. ಉಪ್ಪನ್ನು ಹೊಟ್ಟೆಗೆ ಮಾತ್ರ ಹಾಕಿ. ಮಬ್ಬು ಬಿಳಿ ಹೊಟ್ಟೆಗೆ ಚೆನ್ನಾಗೇ ಕಾಣುತ್ತದೆ. ಕೆಳಗೆ ಭಾರ ಇರುವುದರಿಂದ ಲ್ಯೂರ್ ಮಗುಚುವುದಿಲ್ಲ. ಬೆನ್ನು ಉಪ್ಪಿಲ್ಲದೆ ಸ್ವಚ್ಛವಾಗಿದ್ದು ಗ್ಲಿಟರ್ ಎದ್ದು ಕಾಣುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಬಳಸುವ ಮೊದಲು ಬಿಸಿ ಮಾಡಿ ಒಣಗಿಸಿಕೊಳ್ಳಿ.

ಕಾಯಿಸುವುದು

ಕಪ್ಪಿನ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಮೈಕ್ರೋವೇವ್‌ನಲ್ಲಿ ಮೊದಲ ಸುತ್ತು ಒಂದರಿಂದ ಒಂದೂವರೆ ನಿಮಿಷ. ತೆಗೆದು ಕಲಕಿ. ಆಮೇಲೆ 20ರಿಂದ 30 ಸೆಕೆಂಡಿನ ಸಣ್ಣ ಸುತ್ತುಗಳು, ಪ್ರತಿ ಸುತ್ತಿಗೂ ಕಲಕುವುದು. ಯಂತ್ರದ ಶಕ್ತಿಯ ಮೇಲೆ ಸಮಯ ಬದಲಾಗುತ್ತದೆ, ಗಡಿಯಾರಕ್ಕಿಂತ ಕಪ್ಪನ್ನು ನೋಡಿ.

ಕಪ್ಪಿನಲ್ಲಿ ಮೂರು ಹಂತ ಕಾಣುತ್ತವೆ. ಮೊದಲು ಬಿಳಿ ದ್ರವ ಬೆಚ್ಚಗಾಗುತ್ತದೆ. ನಂತರ ಅಂಚಿನಿಂದ ದಪ್ಪಗಾಗಿ ಉಂಡೆ ಉಂಡೆಯಾಗುತ್ತದೆ, ಚಮಚ ತಿರುಗಿಸಲೂ ಕಷ್ಟ. ಹೊಸಬರು ಇಲ್ಲಿ ಕೆಟ್ಟುಹೋಯಿತು ಎಂದು ಹೆದರುತ್ತಾರೆ. ಕೆಟ್ಟಿಲ್ಲ, ಪಿವಿಸಿ ಪುಡಿ ದ್ರವವನ್ನು ಹೀರಿಕೊಳ್ಳುತ್ತಿದೆ. ಮುಂದುವರಿಸಿ. 170 ಡಿಗ್ರಿ ಹತ್ತಿರ ಬರುತ್ತಿದ್ದಂತೆ ಉಂಡೆಗಳು ಕರಗಿ, ಬಿಳಿ ಹೋಗಿ, ಪಾರದರ್ಶಕವಾಗಿ ಎಣ್ಣೆಯ ಹಾಗೆ ಹರಿಯುತ್ತದೆ. 170ರಿಂದ 180 ಡಿಗ್ರಿ ಸಾಕು. 200 ಡಿಗ್ರಿಯ ಹತ್ತಿರ ಹೋದರೆ ಹಳದಿಯಾಗುತ್ತದೆ, ಹೊಗೆ ಏಳುತ್ತದೆ. ಇನ್ಫ್ರಾರೆಡ್ ಥರ್ಮಾಮೀಟರ್ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ಚೆನ್ನಾಗಿ ಕಲಕಿ ತಕ್ಷಣ ಅಳೆಯಿರಿ, ಇಲ್ಲವಾದರೆ ಒಳಗಿನ ಬಿಸಿ ತಿಳಿಯುವುದಿಲ್ಲ. ಜೋರಾಗಿ ಕಲಕಿದರೆ ಗಾಳಿ ಸೇರುತ್ತದೆ, ತಳ ಮುಟ್ಟುವಂತೆ ನಿಧಾನಕ್ಕೆ ತಿರುಗಿಸಿ.

ಎರಡು ಕಪ್ಪನ್ನೂ ಒಟ್ಟಿಗೆ ಸಿದ್ಧ ಮಾಡಬೇಕು. ಮೈಕ್ರೋವೇವ್ ಒಂದೇ ಇದ್ದರೆ ಮೊದಲ ಬಣ್ಣ ಪೂರ್ತಿ ಕಾಯಿಸಿ ಪಕ್ಕಕ್ಕಿಡಿ, ಎರಡನೆಯದನ್ನು ಕಾಯಿಸಿ, ಮತ್ತೆ ಮೊದಲಿನದಕ್ಕೆ ಒಂದು ಸಣ್ಣ ಸುತ್ತು ಕೊಡಿ. ಒಮ್ಮೆ ಪಾರದರ್ಶಕವಾದದ್ದು ಮತ್ತೆ ಬೇಗ ಬಿಸಿಯಾಗುತ್ತದೆ, ಹುಷಾರು.

ಮೊದಲ ವಿಧಾನ: ತೆರೆದ ಅಚ್ಚಿಗೆ ಕೈಯಲ್ಲಿ ಹೊಯ್ಯುವುದು

ಅಚ್ಚು ಪೂರ್ತಿ ಸಮತಟ್ಟಾದ ಜಾಗದಲ್ಲಿ ಇರಲಿ. ಒಂದು ಕಡೆ ಸ್ವಲ್ಪ ಓರೆ ಇದ್ದರೂ ಬಣ್ಣದ ಗೆರೆ ಓರೆಯಾಗುತ್ತದೆ. ಅಚ್ಚು ತೀರಾ ತಣ್ಣಗಿದ್ದರೆ ಮೊದಲು ಒಂದೇ ಬಣ್ಣದ ಒಂದೆರಡು ಲ್ಯೂರ್ ಹೊಯ್ದು ತೆಗೆಯಿರಿ. ಅಚ್ಚು ಬೆಚ್ಚಗಾಗುತ್ತದೆ, ತೆಗೆದದ್ದನ್ನು ಕಪ್ಪಿಗೆ ವಾಪಸ್ ಹಾಕಬಹುದು.

ಮೊದಲು ಹೊಟ್ಟೆಯ ಬಣ್ಣ. ಬಾಲದ ಕಡೆಯಿಂದ ಶುರು ಮಾಡಿ ತಲೆಯ ಕಡೆಗೆ ತೆಳುವಾದ ಒಂದೇ ಧಾರೆಯಲ್ಲಿ ಹೊಯ್ಯಿರಿ. ಗುಳಿಯ ಅರ್ಧಕ್ಕಿಂತ ಸ್ವಲ್ಪ ಕಡಿಮೆ ನಿಲ್ಲಿಸಿ. ಈಗ ಕಾಯಬೇಕು, ಎಲ್ಲ ಇರುವುದು ಈ ಕಾಯುವಿಕೆಯಲ್ಲೇ. ಬೇಗ ಹೊಯ್ದರೆ ಬೆನ್ನಿನ ಬಣ್ಣ ಹೊಟ್ಟೆಯೊಳಗೆ ಮುಳುಗಿ ಕಲಸಿಹೋಗುತ್ತದೆ. ತಡವಾದರೆ ಮೇಲ್ಮೈ ತಣ್ಣಗಾಗಿ, ಎರಡು ಪದರ ಒಂದರ ಮೇಲೊಂದು ಕೂತಿರುತ್ತವೆ ಅಷ್ಟೇ, ಬೆಸೆಯುವುದಿಲ್ಲ. ಮೊದಲ ಮೀನು ಕಚ್ಚಿದಾಗ ಬೆನ್ನು ಒಂದು ಕಡೆ, ಹೊಟ್ಟೆ ಒಂದು ಕಡೆ.

ಸರಿಯಾದ ಹೊತ್ತನ್ನು ಕಣ್ಣಿನಿಂದಲೇ ತಿಳಿಯಬೇಕು. ಹೊಯ್ದ ತಕ್ಷಣ ಮೇಲ್ಮೈ ಒದ್ದೆಯಾಗಿ ಹೊಳೆಯುತ್ತದೆ. ಅಚ್ಚನ್ನು ಮೆಲ್ಲಗೆ ತಟ್ಟಿದರೆ ಅಲೆ ಏಳುತ್ತದೆ. ಸ್ವಲ್ಪ ಹೊತ್ತಿಗೆ ತೆಳ್ಳಗೆ ಕೆನೆ ಕಟ್ಟುತ್ತದೆ, ತಟ್ಟಿದರೆ ಅಲೆ ಏಳುವುದಿಲ್ಲ, ಆದರೆ ನಡುಗುತ್ತದೆ. ಅದೇ ಹೊತ್ತು. ಆಗ ಕೆನೆಯು ಎರಡನೇ ಬಣ್ಣವನ್ನು ಹೊರುವಷ್ಟು ಗಟ್ಟಿ, ಬೆಸೆಯುವಷ್ಟು ಬಿಸಿ. ಅಲ್ಯೂಮಿನಿಯಂನಲ್ಲಿ ಇದು ಕೆಲವೇ ಸೆಕೆಂಡಿಗೆ ಬಂದು ಹೋಗುತ್ತದೆ, ಪ್ಲಾಸ್ಟರ್‌ನಲ್ಲೂ ಸಿಲಿಕೋನ್‌ನಲ್ಲೂ ಇನ್ನಷ್ಟು ಹೊತ್ತು ಸಿಗುತ್ತದೆ. ದಪ್ಪ ಮೈಗೆ ಹೆಚ್ಚು ಸಮಯ, ತೆಳು ಬಾಲಕ್ಕೆ ಕಡಿಮೆ. ಅದಕ್ಕೇ ಎರಡನೇ ಬಣ್ಣವನ್ನೂ ಬಾಲದಿಂದಲೇ ಶುರು ಮಾಡುವುದು: ಅಲ್ಲಿ ಮೊದಲು ತಣ್ಣಗಾಗುತ್ತದೆ.

ಬೆನ್ನಿನ ಬಣ್ಣ ಹೊಟ್ಟೆಗಿಂತ ಬಿಸಿಯಾಗಿರಬೇಕು, 175 ಡಿಗ್ರಿ ಆಸುಪಾಸು. ಈ ಬಿಸಿ ಕೆನೆಯ ಮೇಲ್ಭಾಗವನ್ನು ಮತ್ತೆ ಕರಗಿಸಿ ತನ್ನೊಳಗೆ ಎಳೆದುಕೊಳ್ಳುತ್ತದೆ. ಕಪ್ಪಿನ ಮೂತಿಯನ್ನು ಗುಳಿಗೆ ತೀರಾ ಹತ್ತಿರ ಹಿಡಿಯಿರಿ. ಎತ್ತರದಿಂದ ಬಿದ್ದ ಧಾರೆ ಕೆನೆಯನ್ನು ತೂತು ಮಾಡುತ್ತದೆ. ಗುಳಿಯ ಅಂಚಿಗಿಂತ ಕೂದಲೆಳೆಯಷ್ಟು ಉಬ್ಬುವಂತೆ ತುಂಬಿ, ತಣ್ಣಗಾಗುತ್ತಾ ಅದು ಕುಗ್ಗಿ ಸಮ ಆಗುತ್ತದೆ.

ಒಂದೇ ಸಲಕ್ಕೆ ಅಚ್ಚಿನ ಎಲ್ಲ ಗುಳಿಗಳಿಗೂ ಹೊಟ್ಟೆ ಹೊಯ್ದು ನಂತರ ಬೆನ್ನಿಗೆ ಬರುವುದು ಮೊದಲ ದಿನಗಳಲ್ಲಿ ಬೇಡ. ಎರಡೆರಡೇ ಗುಳಿ ಮಾಡಿ.

ಎರಡನೇ ವಿಧಾನ: ನಡುವೆ ತಟ್ಟೆ ಇಡುವ ಅಚ್ಚು

ಎರಡು ಹೋಳಿನ ಅಲ್ಯೂಮಿನಿಯಂ ಅಚ್ಚುಗಳಲ್ಲಿ ಕೆಲವಕ್ಕೆ ಒಂದು ಚಪ್ಪಟೆ ಲೋಹದ ತಟ್ಟೆ ಜೊತೆಗೆ ಬರುತ್ತದೆ. ಒಂದು ಹೋಳಿನ ಮೇಲೆ ತಟ್ಟೆ ಮುಚ್ಚಿ, ಬಿಗಿದು, ಇಂಜೆಕ್ಟರ್‌ನಿಂದ ಮೊದಲ ಬಣ್ಣ ತುಂಬುತ್ತೀರಿ. ಅರ್ಧ ಲ್ಯೂರ್ ಆಯಿತು. ತಟ್ಟೆ ತೆಗೆದು, ಆ ಅರ್ಧವನ್ನು ಅಲ್ಲೇ ಬಿಟ್ಟು, ಎರಡನೇ ಹೋಳು ಮುಚ್ಚಿ ಇನ್ನೊಂದು ಬಣ್ಣ ತುಂಬುತ್ತೀರಿ. ಗೆರೆ ಚಾಕುವಿನಿಂದ ಕೊಯ್ದಷ್ಟು ನೇರ ಬರುತ್ತದೆ.

ಇದರ ದೌರ್ಬಲ್ಯವೂ ಬೆಸುಗೆಯೇ. ತಟ್ಟೆ ತಾಗಿದ ಮುಖ ತಣ್ಣಗಾಗಿರುತ್ತದೆ. ಆದ್ದರಿಂದ ಅಚ್ಚು ಬೆಚ್ಚಗಿರುವಾಗಲೇ ಕೆಲಸ ಮುಗಿಸಿ, ಎರಡನೇ ಬಣ್ಣ ಚೆನ್ನಾಗಿ ಬಿಸಿ ಇರಲಿ. ಅಂಟುವ ಮುಖಕ್ಕೆ ಬೆರಳಿನ ಜಿಡ್ಡೂ ತಾಗಬಾರದು, ಎಣ್ಣೆಯೂ ಬೇಡ. ತಟ್ಟೆ ಎತ್ತುವಾಗ ಅರ್ಧ ಲ್ಯೂರ್ ಅದರ ಜೊತೆಗೇ ಏಳಲು ನೋಡುತ್ತದೆ, ಒಂದು ತುದಿಯಿಂದ ನಿಧಾನಕ್ಕೆ ಬಿಡಿಸಿ. ಅಚ್ಚಿನ ಬಾಯಲ್ಲಿ ಉಳಿದ ತುಂಡನ್ನು ಕತ್ತರಿಸಿ ತೆಗೆಯದಿದ್ದರೆ ಎರಡನೇ ಬಣ್ಣಕ್ಕೆ ದಾರಿ ಸಾಲುವುದಿಲ್ಲ.

ಮೂರನೇ ವಿಧಾನ: ಜೋಡಿ ಇಂಜೆಕ್ಟರ್

ಎರಡು ಇಂಜೆಕ್ಟರ್‌ಗಳನ್ನು ಒಂದು ಲೋಹದ ಬ್ಲಾಕ್‌ಗೆ ಸಿಕ್ಕಿಸುತ್ತಾರೆ. ಬ್ಲಾಕ್ ಒಳಗೆ ಎರಡು ದಾರಿ ಸೇರಿ ಒಂದಾಗುತ್ತವೆ. ಎರಡು ಹಿಡಿಕೆಯನ್ನೂ ಒಟ್ಟಿಗೆ ಒತ್ತಿದಾಗ ಎರಡು ಬಣ್ಣ ಪಕ್ಕಪಕ್ಕದಲ್ಲೇ ಹರಿದು ಅಚ್ಚು ತುಂಬುತ್ತವೆ. ಪ್ಲಾಸ್ಟಿಕ್ ಮಂದವಾಗಿರುವುದರಿಂದ ದಾರಿಯಲ್ಲಿ ಕಲಸಿಕೊಳ್ಳುವುದಿಲ್ಲ. ಎರಡೂ ಬಿಸಿಯಾಗೇ ಭೇಟಿಯಾಗುವುದರಿಂದ ಬೆಸುಗೆ ಇಲ್ಲಿ ಎಲ್ಲಕ್ಕಿಂತ ಗಟ್ಟಿ. ತುಂಬಾ ಲ್ಯೂರ್ ಮಾಡುವವರು ಇದಕ್ಕೇ ದುಡ್ಡು ಹಾಕಬೇಕು ಎನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ನೋಡಿಕೊಳ್ಳಬೇಕಾದ್ದು ಸಮತೋಲನ. ಎರಡು ಬಣ್ಣದ ಬಿಸಿಯೂ ಒಂದೇ ಇರಬೇಕು. ಒಂದು ತಣ್ಣಗಿದ್ದರೆ ಅದು ನಿಧಾನಕ್ಕೆ ಹರಿಯುತ್ತದೆ, ಬಿಸಿಯಾದದ್ದು ಮುಂದೆ ನುಗ್ಗಿ ಗೆರೆಯನ್ನು ಸೊಟ್ಟ ಮಾಡುತ್ತದೆ. ಎರಡರಲ್ಲೂ ಪ್ಲಾಸ್ಟಿಕ್‌ನ ಪ್ರಮಾಣ ಒಂದೇ ಇರಲಿ, ಒಳಗಿನ ಗಾಳಿಯನ್ನು ಮೇಲ್ಮುಖ ಮಾಡಿ ಹೊರಹಾಕಿ. ಬ್ಲಾಕ್ ತಣ್ಣಗಿದ್ದರೆ ಮೊದಲ ತುತ್ತೇ ಅದರೊಳಗೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ, ಹೀಟ್ ಗನ್‌ನಿಂದ ಬಿಸಿ ಮಾಡಿಕೊಳ್ಳಿ.

ಯಾವ ಬಣ್ಣ ಬೆನ್ನಿಗೆ ಹೋಗುತ್ತದೆ ಎನ್ನುವುದು ಬ್ಲಾಕನ್ನು ಅಚ್ಚಿನ ಬಾಯಿಗೆ ಯಾವ ದಿಕ್ಕಿನಲ್ಲಿ ಹಿಡಿಯುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಕಾಲು ಸುತ್ತು ತಿರುಗಿಸಿದರೆ ಬೆನ್ನು-ಹೊಟ್ಟೆ ಬದಲು ಎಡ-ಬಲ ಬಣ್ಣ ಬರುತ್ತದೆ. ಸರಿಯಾದ ದಿಕ್ಕು ಸಿಕ್ಕ ಮೇಲೆ ಬ್ಲಾಕ್ ಮತ್ತು ಅಚ್ಚು ಎರಡರ ಮೇಲೂ ಮಾರ್ಕರ್‌ನಿಂದ ಗುರುತು ಹಾಕಿ. ಒಂದೇ ವೇಗದಲ್ಲಿ, ನಿಲ್ಲಿಸದೆ ಒತ್ತಿ. ತುಂಬಿದ ಮೇಲೂ ಹತ್ತು ಸೆಕೆಂಡು ಒತ್ತಡ ಬಿಡಬೇಡಿ. ಒಳಗಿನದು ತಣ್ಣಗಾಗಿ ಕುಗ್ಗುವಾಗ ಇನ್ನಷ್ಟು ಎಳೆದುಕೊಳ್ಳುತ್ತದೆ, ಒತ್ತಡ ಬಿಟ್ಟರೆ ತಲೆಯ ಹತ್ತಿರ ಗುಳಿ ಬೀಳುತ್ತದೆ. ಕೆಲಸ ಮುಗಿದ ಮೇಲೆ ಬ್ಲಾಕ್ ಒಳಗಿನ ಪ್ಲಾಸ್ಟಿಕ್ ತಣ್ಣಗಾಗಲು ಬಿಡಿ, ಒಂದೇ ತುಂಡಾಗಿ ಎಳೆದು ತೆಗೆಯಬಹುದು.

ಬಾಲಕ್ಕೆ ಮಾತ್ರ ಬೇರೆ ಬಣ್ಣ

ಇದು ಸುಲಭ. ಮೊದಲು ಬಾಲದ ಬಣ್ಣದಲ್ಲಿ ಪೂರ್ತಿ ಲ್ಯೂರ್ ಮಾಡಿ, ಬಾಲವನ್ನು ಕತ್ತರಿಸಿ, ಅಚ್ಚಿನ ಬಾಲದ ಗುಳಿಯಲ್ಲಿ ಮತ್ತೆ ಕೂರಿಸಿ, ಮೈಯ ಬಣ್ಣವನ್ನು ಅದರ ಮೇಲೆ ಹೊಯ್ಯಿರಿ. ಕತ್ತರಿಸುವಾಗ ನೇರವಾಗಿ ಬೇಡ, ಓರೆಯಾಗಿ ಕತ್ತರಿಸಿ. ಬೆಸೆಯುವ ಜಾಗ ಹೆಚ್ಚಾಗುತ್ತದೆ. ಬಾಲ ತಣ್ಣಗಿರುವುದರಿಂದ ಮೈಯ ಬಣ್ಣ ಚೆನ್ನಾಗಿ ಬಿಸಿ ಇರಬೇಕು.

ತೆಗೆಯುವುದು, ಒಣಗಿಸುವುದು

ಅವಸರ ಮಾಡಿ ಅಚ್ಚಿನಿಂದ ಎಳೆದರೆ ಬಾಲ ಹರಿಯುತ್ತದೆ. ಮುಟ್ಟಿದಾಗ ಬೆಚ್ಚಗಿದ್ದು ಅಂಟದಿದ್ದರೆ ತೆಗೆಯಿರಿ. ಲ್ಯೂರ್ ಬಿಸಿ ಇರುವಾಗ ಯಾವ ಆಕಾರದಲ್ಲಿ ಇಡುತ್ತೀರೋ ಅದೇ ಆಕಾರ ಹಿಡಿಯುತ್ತದೆ. ಒಂದರ ಮೇಲೊಂದು ರಾಶಿ ಹಾಕಬೇಡಿ. ಅಗಲವಾದ ತಣ್ಣೀರಿನ ಪಾತ್ರೆಯಲ್ಲಿ ನೇರವಾಗಿ ಬಿಡಿ, ಅಥವಾ ಚಪ್ಪಟೆ ಜಾಗದಲ್ಲಿ ಸಾಲಾಗಿ ಮಲಗಿಸಿ. ಈ ನೀರಿನ ಪಾತ್ರೆ ಬಿಸಿ ಕಪ್ಪುಗಳಿಂದ ದೂರ ಇರಲಿ. ನೀರಿನಿಂದ ತೆಗೆದವನ್ನು ಪೂರ್ತಿ ಒಣಗಿಸಿ. ಸೊಟ್ಟಗಾದ ಲ್ಯೂರನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ನೇರ ಮಾಡಿ ತಣ್ಣೀರಿಗೆ ಹಾಕಿದರೆ ಸರಿಹೋಗುತ್ತದೆ.

ಮರುದಿನ ಬೆಸುಗೆ ಪರೀಕ್ಷೆ ಮಾಡಿ. ಒಂದು ಲ್ಯೂರನ್ನು ತೆಗೆದುಕೊಂಡು ಗೆರೆಯ ಹತ್ತಿರ ಅಡ್ಡ ಕತ್ತರಿಸಿ, ಎರಡು ಬಣ್ಣವನ್ನೂ ಉಗುರಿನಿಂದ ಹಿಡಿದು ಎಳೆಯಿರಿ. ಗೆರೆಗೆ ಸರಿಯಾಗಿ ಬಿಟ್ಟುಬಂದರೆ ಎರಡನೇ ಬಣ್ಣ ತಣ್ಣಗಿತ್ತು ಅಥವಾ ತಡವಾಯಿತು. ಗೆರೆ ಬಿಟ್ಟು ಬೇರೆಲ್ಲೋ ಹರಿದರೆ ಬೆಸುಗೆ ಚೆನ್ನಾಗಿದೆ. ಗುಳ್ಳೆಗಳು ಕಂಡರೆ ತೇವ ಅಥವಾ ಜೋರಾಗಿ ಕಲಕಿದ್ದು ಕಾರಣ. ಪ್ಲಾಸ್ಟರ್ ಅಚ್ಚಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಅಚ್ಚು ಇನ್ನೂ ಒಣಗಿಲ್ಲ. ಲ್ಯೂರ್ ಮೇಲೆ ಎಣ್ಣೆ ಒಸರುತ್ತಿದ್ದರೆ, ಹಿಂಡಿದಾಗ ಪುಡಿಪುಡಿಯಾದರೆ, ಅದು ಪೂರ್ತಿ ಕಾದಿಲ್ಲ.

ಇಡುವುದು, ಮತ್ತೆ ಕರಗಿಸುವುದು

ಮಾಡಿದ ಲ್ಯೂರ್‌ಗಳನ್ನು ಬಣ್ಣದ ಜೋಡಿಗೊಂದರಂತೆ ಬೇರೆ ಬೇರೆ ಪಾಲಿಥೀನ್ ಜಿಪ್ ಚೀಲದಲ್ಲಿ ಇಡಿ. ಲ್ಯೂರ್‌ಗೆಂದೇ ಸಿಗುವ ಎಣ್ಣೆ ಕೆಲವು ಹನಿ ಹಾಕಿದರೆ ಒಂದಕ್ಕೊಂದು ಅಂಟುವುದಿಲ್ಲ. ವಾಸನೆ ಬೇಕಿದ್ದರೆ ಬೆಳ್ಳುಳ್ಳಿ ಅಥವಾ ಸೋಂಪಿನ ವಾಸನೆಯ ಎಣ್ಣೆಯೂ ಸಿಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಗಳಲ್ಲಿ ಕೆಲವನ್ನು ಈ ಪ್ಲಾಸ್ಟಿಸೈಜರ್ ಕರಗಿಸಿಬಿಡುತ್ತದೆ, ಲ್ಯೂರ್ ಇಡಬಹುದು ಎಂದು ಬರೆದಿರುವ ಡಬ್ಬಿ ಮಾತ್ರ ಬಳಸಿ. ಟಿಪಿಇ ಎಂಬ ರಬ್ಬರಿನಂಥ ಬೇರೆ ಪ್ಲಾಸ್ಟಿಕ್ಕಿನ ಮೆತ್ತನೆ ಲ್ಯೂರ್‌ಗಳಿವೆ, ಜೀ-ಮ್ಯಾನ್ ಕಂಪನಿಯ ಎಲಾಜ್‌ಟೆಕ್ ಆ ಬಗೆಯದು. ಅವನ್ನು ಪಿವಿಸಿ ಲ್ಯೂರ್ ಜೊತೆ ಒಂದೇ ಚೀಲದಲ್ಲಿ ಇಟ್ಟರೆ ಎರಡೂ ಕರಗಿ ಮುದ್ದೆಯಾಗುತ್ತವೆ. ಕರಗಿಸುವಾಗಲೂ ಅವನ್ನು ಬೆರೆಸಬಾರದು.

ಹರಿದ ಲ್ಯೂರನ್ನು ನೀರಿಗೆ ಎಸೆಯಬೇಡಿ. ಅದು ಕೊಳೆಯುವುದಿಲ್ಲ. ಮೀನು ನುಂಗಿದರೆ ಹೊಟ್ಟೆಯಲ್ಲಿ ಊದಿಕೊಂಡು ಕೂರುತ್ತದೆ. ಜೇಬಿಗೆ ಹಾಕಿಕೊಂಡು ಬನ್ನಿ. ಗಾಳ, ಸೀಸ, ಮರಳು ಎಲ್ಲ ತೆಗೆದು, ತೊಳೆದು, ಪೂರ್ತಿ ಒಣಗಿಸಿ, ಸಣ್ಣಗೆ ಕತ್ತರಿಸಿ ಮತ್ತೆ ಕರಗಿಸಬಹುದು. ಎರಡು ಬಣ್ಣದವು ಕರಗಿದಾಗ ಬಣ್ಣ ಕಲಸಿ ಕಂದು ಆಗುತ್ತದೆ. ಅದಕ್ಕೆ ಸ್ವಲ್ಪ ಕಪ್ಪು ಸೇರಿಸಿ ಬೆನ್ನಿಗೆ ಬಳಸಿ, ಹೊಟ್ಟೆಗೆ ಮಾತ್ರ ಹೊಸ ಪ್ಲಾಸ್ಟಿಸಾಲ್. ಪ್ರತಿ ಸಲ ಕಾದಾಗಲೂ ಪ್ಲಾಸ್ಟಿಕ್ ಸ್ವಲ್ಪ ಹಳದಿಯಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಹಳೆಯದಕ್ಕೆ ಒಂದಿಷ್ಟು ಹೊಸ ಪ್ಲಾಸ್ಟಿಸಾಲ್ ಬೆರೆಸಿ, ಇಲ್ಲವೇ ಮೆತ್ತಗೆ ಮಾಡುವ ಸಾಫ್ಟನರ್ ದ್ರವ ಕೆಲವು ಹನಿ ಹಾಕಿ.

ನೀರಿಗೆ ಒಯ್ಯುವ ಮೊದಲು ಒಂದು ಕೆಲಸ ಬಾಕಿ ಇದೆ. ಬಕೆಟ್ಟಿನಲ್ಲಿ ಅಥವಾ ತೊಟ್ಟಿಯಲ್ಲಿ ನೀರು ತುಂಬಿ, ನೀವು ಬಳಸುವ ಗಾಳ ಅಥವಾ ಜಿಗ್ ಹೆಡ್ (ತಲೆಯಲ್ಲಿ ತೂಕ ಇರುವ ಗಾಳ) ಚುಚ್ಚಿ ಲ್ಯೂರನ್ನು ಬಿಟ್ಟು ನೋಡಿ. ಬೆನ್ನು ಮೇಲೆ ಇಟ್ಟುಕೊಂಡು ಮುಳುಗಬೇಕು. ಒಂದು ಕಡೆ ವಾಲಿದರೆ ಮೊದಲು ಗಾಳ ನಡುವಿನಲ್ಲಿ ಚುಚ್ಚಿದೆಯೇ ನೋಡಿ. ಗಾಳ ಸರಿ ಇದ್ದೂ ವಾಲಿದರೆ ಬಣ್ಣದ ಗೆರೆ ಓರೆಯಾಗಿದೆ, ಮುಂದಿನ ಸಲ ಅಚ್ಚನ್ನು ಸಮ ಮಾಡಿ. ಗೆರೆಯೂ ನೇರ ಇದ್ದು ಮಗುಚಿದರೆ ಹೊಟ್ಟೆಯ ಬಣ್ಣದ ಕಪ್‌ಗೆ ಇನ್ನೊಂದು ಚಮಚ ಉಪ್ಪು ಹಾಕಿ.